ಅಪ್ಪನ ಕೈಗೊಂದು ಮಡಚುವ ಗರಗಸ

ಕಳೆದ ವರ್ಷ ಆಷಾಢದ ಒಂದು ಶನಿವಾರ ಬೆಳಿಗ್ಗೆ ಅಮ್ಮ ವಾಟ್ಸಾಪ್‌ನಲ್ಲಿ ಒಂದು ಫೋಟೋ ಕಳಿಸಿದ್ದರು. ಫೋಟೋದಲ್ಲಿ ಅಪ್ಪನ ಬಲಗೈ ಮಾತ್ರ ಇತ್ತು. ತೋರುಬೆರಳಿಗೂ ನಡುಬೆರಳಿಗೂ ಸೇರಿಸಿ ಬಿಳಿ ಬ್ಯಾಂಡೇಜ್. ಕೆಳಗೆ ಒಂದೇ ಸಾಲು: ‘ನೀನು ಕಳಿಸಿದ್ಯಲ್ಲ, ಆ ಗರಗಸ. ಮೂರು ಹೊಲಿಗೆ. ಅಪ್ಪ ನಿಂಗೆ ಹೇಳ್ಬೇಡ ಅಂದಿದ್ರು.’

ನಾನು ಬೆಂಗಳೂರಿನ ಪಿಜಿಯಲ್ಲಿ ಕಾಫಿ ಲೋಟ ಹಿಡ್ಕೊಂಡು ಸುಮ್ಮನೆ ಕೂತುಬಿಟ್ಟೆ. ಅಪ್ಪನಿಗೆ ಶುಗರ್ ಇದೆ. ಗಾಯ ಬೇಗ ಮಾಯೋದಿಲ್ಲ. ಆ ಗರಗಸವನ್ನು ಆರ್ಡರ್ ಮಾಡಿದ್ದು ನಾನೇ. ಆಫೀಸ್ ಕ್ಯಾಬ್‌ನಲ್ಲಿ ಕೂತು, ಸ್ಟಾರ್ ಎಷ್ಟಿದೆ ಅಂತ ನೋಡಿ, ಎರಡು ನಿಮಿಷದಲ್ಲಿ ಮುಗಿಸಿದ ಕೆಲಸ ಅದು.

ಈ ವಾರದ ಅಂಕಣ ಆ ಎರಡು ನಿಮಿಷದ ಬಗ್ಗೆ. ಊರಲ್ಲಿರೋ ಅಪ್ಪ-ಅಮ್ಮನಿಗೆ ನಾವು ಆನ್‌ಲೈನ್‌ನಲ್ಲಿ ಏನೇನೋ ಕಳಿಸ್ತಾ ಇರ್ತೀವಿ. ಮಿಕ್ಸರ್, ಬಿಪಿ ಮೆಷಿನ್, ಟಾರ್ಚ್. ಹಲ್ಲಿರೋ ವಸ್ತು ಕಳಿಸುವಾಗ ಮಾತ್ರ ಇನ್ನೂ ಹತ್ತು ನಿಮಿಷ ಕೊಡಿ. ಯಾಕೆ ಅಂತ ಹೇಳ್ತೀನಿ.

ಗರಗಸ ಯಾಕೆ ಬೇಕಿತ್ತು?

ನಮ್ಮನೆ ಇರೋದು ಭದ್ರಾವತಿಯ ಓಲ್ಡ್ ಟೌನ್‌ನಲ್ಲಿ. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಸ್ಥಾನ ಇರೋ ಊರ ಹಳೇ ಭಾಗ. ಹಿತ್ತಲಲ್ಲಿ ಒಂದು ಹಲಸು, ಒಂದು ಮಾವು, ಎರಡು ನುಗ್ಗೆ, ಬೇಲಿ ಉದ್ದಕ್ಕೂ ಗೊಬ್ಬರದ ಗಿಡ. ಮನೆಯಲ್ಲಿ ಗೀಸರ್ ಇದೆ. ಆದರೂ ಬಚ್ಚಲ ಒಲೆಯ ಹಂಡೆ ನೀರಿಲ್ಲದೆ ಅಪ್ಪನಿಗೆ ಸ್ನಾನ ಆದ ಹಾಗೇ ಅಲ್ಲ. ಹಾಗಾಗಿ ಮಳೆಗಾಲಕ್ಕೆ ಮುಂಚೆ ಒಲೆಗೆ ಪುಳ್ಳೆ ಕೂಡಿಡಬೇಕು. ಮಳೆ ಶುರುವಾದ ಮೇಲೆ ಗಾಳಿಗೆ ಮುರಿದು ಬಿದ್ದ ಕೊಂಬೆಗಳನ್ನು ದಾರಿಯಿಂದ ತೆಗೀಬೇಕು.

ಇಷ್ಟು ವರ್ಷ ಅಪ್ಪ ಇದನ್ನೆಲ್ಲ ಕತ್ತಿಯಲ್ಲೇ ಮಾಡ್ತಿದ್ದರು. ಒದ್ದೆ ಕೊಂಬೆಗೆ ಕತ್ತಿ ಬೀಸಿದರೆ ಏಟು ಜಾರುತ್ತೆ, ಕಾಲಿಗೆ ಬರುತ್ತೆ. ವಯಸ್ಸು ಅರವತ್ತೇಳು. ‘ಕತ್ತಿ ಬಿಡಿಸಬೇಕು ಕಣೇ’ ಅಂತ ಅಮ್ಮ ಫೋನ್‌ನಲ್ಲಿ ಪ್ರತಿ ಸಲ ಹೇಳ್ತಿದ್ದರು. ಬೀಸೋ ಆಯುಧದ ಬದಲು ಕೊಯ್ಯೋ ಆಯುಧ ಕೊಟ್ಟರೆ ಸರಿಹೋಗುತ್ತೆ ಅನ್ನೋದು ನನ್ನ ಲೆಕ್ಕ. ಲೆಕ್ಕ ತಪ್ಪಿರಲಿಲ್ಲ. ಆರಿಸಿದ್ದು ತಪ್ಪಿತ್ತು.

ಮುಂದಿನ ಶುಕ್ರವಾರ ರಾತ್ರಿಯ ರೈಲು ಹಿಡಿದು ಊರಿಗೆ ಹೋದೆ. ಅಪ್ಪ ಜಗಲಿಯಲ್ಲಿ ಕೂತಿದ್ದರು. ‘ಏನಿಲ್ಲ ಪುಟ್ಟಿ, ಸ್ವಲ್ಪ ತರಚಿದೆ ಅಷ್ಟೆ. ಅದಕ್ಕೆ ರಜೆ ಹಾಕಿ ಬರಬೇಕಾ?’ ಅಂದರು. ಗರಗಸ ಬಚ್ಚಲ ಹಿಂದೆ ಬಿದ್ದಿತ್ತು, ಆಗಲೇ ತುಕ್ಕು ಹಿಡಿದಿತ್ತು.

ಆಚಾರ್ರು ಹೇಳಿದ್ದು

ಎರಡು ಮನೆ ಆಚೆ ವಯಸ್ಸಾದ ಆಚಾರ್ರು ಒಬ್ಬರಿದ್ದಾರೆ. ನಮ್ಮ ಮನೆ ಬಾಗಿಲು, ಅಜ್ಜಿಯ ಮಂಚ ಎಲ್ಲ ಅವರ ಕೈಯಲ್ಲೇ ಆಗಿದ್ದು. ಗರಗಸ ತಗೊಂಡು ಅವರ ಹತ್ತಿರ ಹೋದೆ. ಅವರು ಅದನ್ನು ಬಿಚ್ಚಿ, ಅಲಗಿನ ತುದಿ ಹಿಡಿದು ಆಚೀಚೆ ಅಲ್ಲಾಡಿಸಿದರು. ಕೀಲಿನ ಹತ್ತಿರ ಲಟಲಟ ಅಂತು.

‘ನೋಡಮ್ಮ, ಹಲ್ಲು ಆಮೇಲೆ. ಮೊದಲು ಕೀಲು ನೋಡ್ಬೇಕು’ ಅಂದರು.

ಆವತ್ತು ಆಗಿದ್ದು ಇಷ್ಟು. ಅಪ್ಪ ಮಾವಿನ ಹಸಿ ಕೊಂಬೆಯನ್ನು ಎರಡು ಇಟ್ಟಿಗೆ ಮೇಲೆ ಸೇತುವೆ ಥರ ಇಟ್ಟು ನಟ್ಟನಡುವೆ ಕೊಯ್ಯೋಕೆ ಹೊರಟಿದ್ದಾರೆ. ಅರ್ಧ ಕೊಯ್ಯುವ ಹೊತ್ತಿಗೆ ಕೊಂಬೆ ತನ್ನ ಭಾರಕ್ಕೆ ನಡುವೆ ಕುಗ್ಗಿ, ಕೊಯ್ದ ಸೀಳು ಮೇಲಿನಿಂದ ಮುಚ್ಚಿಕೊಂಡು ಅಲಗನ್ನು ಕಚ್ಚಿದೆ. ಬಿಡಿಸೋಣ ಅಂತ ಅಪ್ಪ ಹಿಡಿಯನ್ನು ಜೋರಾಗಿ ಕೆಳಕ್ಕೆ ಒತ್ತಿದ್ದಾರೆ. ಸಡಿಲವಾಗಿದ್ದ ಲಾಕ್ ಜಾರಿದೆ. ಹಿಡಿ ಮಡಚಿಕೊಂಡು, ಬೆರಳು ಹೋಗಿ ಹಲ್ಲಿಗೆ ಕೂತಿದೆ.

ಇದರಲ್ಲಿ ಎರಡು ತಪ್ಪಿತ್ತು. ಕೊಂಬೆ ಇಟ್ಟಿದ್ದು ಅಪ್ಪನ ತಪ್ಪು. ಲಾಕ್ ನೋಡದೆ ತಗೊಂಡಿದ್ದು ನನ್ನದು. ಗಟ್ಟಿ ಲಾಕ್ ಇದ್ದಿದ್ದರೆ ಅಪ್ಪನ ತಪ್ಪಿಗೆ ಒಂದು ಬೈಗುಳದಲ್ಲಿ ಮುಗೀತಿತ್ತು, ಹೊಲಿಗೆ ಬೀಳ್ತಿರಲಿಲ್ಲ.

ಆ ಭಾನುವಾರ ಆಚಾರ್ರ ಕಟ್ಟೆ ಮೇಲೆ ಕೂತು ಕಲಿತದ್ದು, ಆಮೇಲೆ ಓದಿ ತಿಳಿದದ್ದು ಎಲ್ಲ ಸೇರಿಸಿ ಇಲ್ಲಿ ಬರೆದಿದ್ದೀನಿ. ತಗೊಳ್ಳೋ ಮೊದಲು ಈ ಕ್ರಮದಲ್ಲಿ ನೋಡಿ.

1. ಲಾಕ್

ಒಳ್ಳೆ ಮಡಚುವ ಗರಗಸ ಎರಡು ಕಡೆ ಲಾಕ್ ಆಗಬೇಕು. ಬಿಚ್ಚಿದಾಗಲೂ, ಮಡಚಿದಾಗಲೂ. ಮಡಚಿದಾಗ ಲಾಕ್ ಆಗದಿದ್ದರೆ ಬ್ಯಾಗಿನೊಳಗೆ ತಾನೇ ತೆರೆದುಕೊಳ್ಳುತ್ತೆ.

ಕೈಗೆ ಬಂದ ತಕ್ಷಣ ಹೀಗೆ ಪರೀಕ್ಷೆ ಮಾಡಿ. ಅಲಗು ಬಿಚ್ಚಿ ಲಾಕ್ ಮಾಡಿ. ಅಲಗು ಮಡಚಿಕೊಳ್ಳೋ ಸೀಳಿಗೆ ಬೆರಳು ಅಡ್ಡ ಬರದ ಹಾಗೆ ಹಿಡಿಯ ತುದಿ ಹಿಡ್ಕೊಳ್ಳಿ. ಹಲ್ಲಿಲ್ಲದ ಬೆನ್ನಿನ ಕಡೆಯನ್ನು ಒಂದು ಮರದ ತುಂಡಿಗೆ ಮೆಲ್ಲಗೆ ಒತ್ತಿ. ಅಲಗು ಒಂಚೂರೂ ಮಡಚಬಾರದು. ಮಡಚಿದರೆ ಯೋಚನೆ ಬೇಡ, ವಾಪಸ್ ಕಳಿಸಿ. ಆಮೇಲೆ ಅಲಗನ್ನು ಪಕ್ಕಕ್ಕೆ ಅಲ್ಲಾಡಿಸಿ ನೋಡಿ. ಸ್ವಲ್ಪ ಆಡಿದರೆ ಕೀಲಿನ ಸ್ಕ್ರೂ ಬಿಗಿ ಮಾಡಿ. ಬಿಗಿ ಮಾಡೋಕೆ ಸ್ಕ್ರೂನೇ ಇಲ್ಲ, ಬರೀ ರಿವೆಟ್ ಅನ್ನೋದಾದರೆ ಅದು ಬೇಡ. ಇವತ್ತು ಗಟ್ಟಿ ಇದ್ದರೂ ಮುಂದಿನ ವರ್ಷ ಸಡಿಲ ಆಗುತ್ತೆ, ಸರಿಮಾಡೋಕೆ ದಾರಿ ಇರಲ್ಲ.

2. ಎಳೆದಾಗ ಕೊಯ್ಯೋದಾ, ತಳ್ಳಿದಾಗಲಾ?

ನಮ್ಮ ಬಡಗಿಗಳ ದೊಡ್ಡ ಕೈಗರಗಸ ಸಾಮಾನ್ಯವಾಗಿ ತಳ್ಳುವಾಗ ಕೊಯ್ಯುತ್ತೆ. ತಳ್ಳಿದಾಗ ಬಾಗಬಾರದು ಅಂತ ಅದರ ಅಲಗು ದಪ್ಪ ಇರುತ್ತೆ. ಜಪಾನಿನ ಗರಗಸಗಳು ಎಳೆಯುವಾಗ ಕೊಯ್ಯುತ್ತವೆ. ಎಳೆದಾಗ ಅಲಗು ಬಿಗಿಯಾಗಿ ನೆಟ್ಟಗಾಗುತ್ತೆ, ಹಾಗಾಗಿ ಅದು ತೆಳ್ಳಗಿದ್ದರೂ ನಡೆಯುತ್ತೆ. ಅಲಗು ತೆಳ್ಳಗಿದ್ದರೆ ಕೊಯ್ಯಬೇಕಾದ ಮರವೂ ಕಡಿಮೆ, ಶಕ್ತಿಯೂ ಕಡಿಮೆ.

ಕೀಲಿರೋ ಗರಗಸಕ್ಕೆ ಎಳೆದು ಕೊಯ್ಯೋದೇ ವಾಸಿ. ಇಂಥದ್ದನ್ನು ಜೋರಾಗಿ ತಳ್ಳಿದರೆ ಅಲಗು ಬಾಗುತ್ತೆ, ಮುರಿಯಲೂಬಹುದು. ಎಳೆಯುವಾಗ ಬಲ ಹಾಕಿ, ಮುಂದಕ್ಕೆ ಹೋಗುವಾಗ ಕೈ ಸಡಿಲ ಬಿಡಿ. ಅಪ್ಪನಿಗೆ ನಲವತ್ತು ವರ್ಷದ ತಳ್ಳೋ ಅಭ್ಯಾಸ. ಅದನ್ನು ಬಿಡಿಸೋಕೆ ನನಗೆ ಒಂದು ವಾರಾಂತ್ಯ ಪೂರ್ತಿ ಬೇಕಾಯ್ತು.

3. ಉದ್ದ

ಲೆಕ್ಕ ಸುಲಭ. ನೀವು ಹೆಚ್ಚಾಗಿ ಕೊಯ್ಯೋ ಕೊಂಬೆಯ ದಪ್ಪದ ಎರಡರಷ್ಟಾದರೂ ಅಲಗು ಉದ್ದ ಇರಬೇಕು. 10 ಸೆಂ.ಮೀ. ಕೊಂಬೆಗೆ 20 ಸೆಂ.ಮೀ. ಅಲಗು. ಚಿಕ್ಕದಾದರೆ ಹಲ್ಲು ಮರದ ಹೊರಗೆ ಬರೋದೇ ಇಲ್ಲ, ಪುಡಿ ಒಳಗೇ ಸಿಕ್ಕಿಕೊಳ್ಳುತ್ತೆ, ಕೈ ಸೋಲುತ್ತೆ.

ಹೆಸರು ಕೇಳೋರಿಗೆ ಒಂದು ಅಳತೆಗೋಲು ಕೊಡ್ತೀನಿ. ಬಾಕೋ ಕಂಪನಿಯ ಲ್ಯಾಪ್‌ಲ್ಯಾಂಡರ್ ಅನ್ನೋದು ಚಾರಣದವರ ಬ್ಯಾಗಿನಲ್ಲಿ ಹೆಚ್ಚು ಕಾಣೋ ಗರಗಸ. ಅದರ ಅಲಗು 19 ಸೆಂ.ಮೀ. ಜಪಾನಿನ ಸಿಲ್ಕಿ ಕಂಪನಿಯ ಗಾಂಬಾಯ್‌ನಲ್ಲಿ 24 ಸೆಂ.ಮೀ. ಅಲಗಿನದು ಸಿಗುತ್ತೆ. ಅದನ್ನೇ ತಗೊಳ್ಳಿ ಅಂತ ಹೇಳ್ತಿಲ್ಲ. ನೀವು ನೋಡ್ತಿರೋ ಗರಗಸ ಇವುಗಳ ಪಕ್ಕ ಎಲ್ಲಿ ನಿಲ್ಲುತ್ತೆ ಅಂತ ಹೋಲಿಸಿ ನೋಡಿ, ಅಷ್ಟೆ. ಮನೆ ಹಿತ್ತಲಿಗೆ 18ರಿಂದ 24 ಸೆಂ.ಮೀ. ಒಳಗಿನದು ಸಾಕು.

4. ಹಲ್ಲು

ಹಸಿ ಮರಕ್ಕೆ ದೊಡ್ಡ ಹಲ್ಲು, ಒಣಗಿದ ಗಟ್ಟಿ ಮರಕ್ಕೆ ಮತ್ತು ಬಿದಿರಿಗೆ ಸಣ್ಣ ಹಲ್ಲು. ಹಸಿ ಮರದ ಪುಡಿ ಒದ್ದೆಯಾಗಿ, ನಾರುನಾರಾಗಿ ಬರುತ್ತೆ. ಅದು ಕೂರೋಕೆ ಹಲ್ಲಿನ ನಡುವೆ ಜಾಗ ಬೇಕು. ಜಾಗ ಇಲ್ಲದಿದ್ದರೆ ಗರಗಸ ಮರದ ಮೇಲೆ ಬರೀ ಜಾರುತ್ತೆ. ಬಿದಿರಿಗೆ ದೊಡ್ಡ ಹಲ್ಲು ಹಚ್ಚಿದರೆ ಸಿಗುರು ಸಿಗುರಾಗಿ ಸೀಳುತ್ತೆ.

ಲೆಕ್ಕ ಬರೆಯೋ ರೀತಿ ಎರಡಿದೆ. ಕೆಲವರು ಒಂದು ಇಂಚಿಗೆ ಎಷ್ಟು ಹಲ್ಲು ಅಂತ ಬರೀತಾರೆ, ಜಪಾನಿನವರು 30 ಮಿ.ಮೀ.ಗೆ ಎಷ್ಟು ಅಂತ ಬರೀತಾರೆ. 30 ಮಿ.ಮೀ.ಗೆ 8 ಅಂದರೆ ಇಂಚಿಗೆ ಸುಮಾರು 7. 30 ಮಿ.ಮೀ.ಗೆ 10 ಅಂದರೆ ಇಂಚಿಗೆ ಸುಮಾರು ಎಂಟೂವರೆ. ನಮ್ಮ ಮಲೆನಾಡಿನ ಹಿತ್ತಲಲ್ಲಿ ಹಸಿ, ಒಣ ಎರಡೂ ಇರುತ್ತೆ. ಇಂಚಿಗೆ 7ರಿಂದ 8 ಇದ್ದರೆ ಎರಡಕ್ಕೂ ನಡೆಯುತ್ತೆ.

5. ಉಕ್ಕು

ಈ ವಿಷಯ ಬಂದ ತಕ್ಷಣ ಅಪ್ಪ ಬ್ಯಾಂಡೇಜ್ ಕೈ ಮರೆತು ಮಾತಿಗಿಳಿದರು. ಯಾಕಂದ್ರೆ ಅವರು ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಬೆಂಕಿಪುರ ಅಂತ ಹೆಸರಿದ್ದ ಈ ಊರು ಕಬ್ಬಿಣದ ಊರಾಗಿದ್ದು 1923ರಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಶುರುವಾದ ಮೇಲೆ. ಅದಿರು ಬರ್ತಿದ್ದುದು ಕೆಮ್ಮಣ್ಣುಗುಂಡಿಯಿಂದ. ಅದನ್ನು ಕರಗಿಸೋಕೆ ಮೊದಲು ಬಳಸ್ತಿದ್ದುದು ಕಲ್ಲಿದ್ದಲಲ್ಲ, ಮಲೆನಾಡಿನ ಕಾಡಿನ ಮರ ಸುಟ್ಟು ಮಾಡಿದ ಇದ್ದಿಲು. ‘ಮರ ಕೊಯ್ಯೋಕೆ ಕಬ್ಬಿಣ ಬೇಕು, ಕಬ್ಬಿಣ ಮಾಡೋಕೆ ಮರ ಬೇಕಿತ್ತು. ನಮ್ಮೂರು ಎರಡನ್ನೂ ನೋಡಿದೆ’ ಅಂದರು ಅಪ್ಪ.

ಗರಗಸದ ಮೇಲೆ ‘ಎಸ್‌ಕೆ-5’ ಅಂತ ಬರೆದಿದ್ದರೆ ಅದು ಜಪಾನಿನ ಲೆಕ್ಕದ ಹೆಚ್ಚು ಇಂಗಾಲದ ಉಕ್ಕು. ಇಂಗಾಲ ಸುಮಾರು 0.8ರಿಂದ 0.9 ಶೇಕಡಾ. ಕೇಳೋಕೆ ಕಡಿಮೆ ಅನ್ನಿಸುತ್ತೆ. ಆದರೆ ಮನೆ ಕಟ್ಟೋ ಸಾಮಾನ್ಯ ಕಬ್ಬಿಣದ ಸರಳಿಗೆ ಹೋಲಿಸಿದರೆ ಮೂರು ಪಟ್ಟಿಗೂ ಹೆಚ್ಚು. ಹದ ಮಾಡಿದಾಗ ಅಲಗು ಗಟ್ಟಿಯಾಗಿ ಹರಿತ ಉಳಿಯೋದು ಅದರಿಂದಲೇ. ಆದರೆ ಇದು ಸ್ಟೇನ್‌ಲೆಸ್ ಅಲ್ಲ, ಒದ್ದೆ ಬಿಟ್ಟರೆ ತುಕ್ಕು ಗ್ಯಾರಂಟಿ. ಮೇಲೆ ಕ್ರೋಮ್ ಲೇಪನ ಇದ್ದರೆ ನಮ್ಮ ಮಳೆಗೆ ಒಳ್ಳೇದು.

ಕೆಲವು ಅಲಗುಗಳಲ್ಲಿ ಹಲ್ಲಿನ ತುದಿ ಮಾತ್ರ ನೀಲಿಗಪ್ಪಾಗಿರುತ್ತೆ, ನೋಡಿ. ಕ್ಷಣ ಮಾತ್ರ ಕಾಯಿಸಿ ಆ ತುದಿಯನ್ನಷ್ಟೇ ಗಟ್ಟಿ ಮಾಡಿರ್ತಾರೆ. ಅದು ಬಹಳ ದಿನ ಹರಿತ ಇರುತ್ತೆ. ಆದರೆ ಮೊಂಡಾದ ಮೇಲೆ ಅರ ಹಾಕಿ ಹರಿತ ಮಾಡೋಕೆ ಆಗಲ್ಲ, ಅರವೇ ಜಾರುತ್ತೆ. ಆಚಾರ್ರು ಇದನ್ನು ನೋಡಿ ಮುಖ ಸಿಂಡರಿಸಿದ್ದರು: ‘ಸಾಣೆ ಹಿಡಿಯೋಕೆ ಬರದ ಆಯುಧ ಎಂಥ ಆಯುಧವಮ್ಮ?’ ಹಾಗಾಗಿ ತಗೊಳ್ಳುವಾಗಲೇ ಬದಲಿ ಅಲಗು ಬೇರೆಯಾಗಿ ಸಿಗುತ್ತಾ ಅಂತ ನೋಡಿ. ಸಿಗದಿದ್ದರೆ ಅಲಗು ಮೊಂಡಾದ ದಿನ ಇಡೀ ಗರಗಸ ಗುಜರಿಗೆ.

6. ಹಿಡಿಯೋ ಕೈ ಯಾರದ್ದು?

ನಾನು ಮೊದಲ ಸಲ ಪೂರ್ತಿ ಮರೆತಿದ್ದ ಪ್ರಶ್ನೆ ಇದು. ಅಪ್ಪನ ಬೆರಳ ಗಂಟು ಬೆಳಿಗ್ಗೆ ಹೊತ್ತು ಬಿಗಿದಿರುತ್ತೆ. ನುಣುಪಾದ ಪ್ಲಾಸ್ಟಿಕ್ ಹಿಡಿ ಒದ್ದೆ ಕೈಯಲ್ಲಿ ಜಾರುತ್ತೆ. ಅವರಿಗೆ ಬೇಕಿದ್ದುದು ದಪ್ಪನೆಯ ರಬ್ಬರ್ ಹಿಡಿ ಮತ್ತು ಒಂದೇ ಹೆಬ್ಬೆರಳಲ್ಲಿ ಒತ್ತಬಹುದಾದ ಲಾಕ್. ಹಿಡಿಯ ಬಣ್ಣ ಕಿತ್ತಳೆಯೋ ಹಳದಿಯೋ ಇದ್ದರೆ ಹುಲ್ಲಲ್ಲಿ ಬಿದ್ದರೂ ಕಾಣುತ್ತೆ. ಹಸಿರು ಬಣ್ಣದ್ದು ತಗೊಂಡರೆ ಮಳೆಗಾಲದ ಹಿತ್ತಲಲ್ಲಿ ಹುಡುಕೋದೇ ಕೆಲಸ.

ಅಲಗು ನೇರವಾ, ಬಾಗಿದ್ದಾ? ಬಾಗಿದ ಅಲಗು ಎತ್ತರದ ಕೊಂಬೆಗೆ ತಾನೇ ಕಚ್ಚಿಕೊಳ್ಳುತ್ತೆ. ನೇರ ಅಲಗು ನೆಲದ ಮೇಲೆ, ಸೊಂಟದ ಎತ್ತರದಲ್ಲಿ ಹಿಡಿತಕ್ಕೆ ಚೆನ್ನಾಗಿ ಸಿಗುತ್ತೆ. ತಲೆಗಿಂತ ಎತ್ತರದ ಕೊಂಬೆಗೆ ಅಪ್ಪ ಕೈ ಹಾಕೋದೇ ಬೇಡ ಅಂತ ನಾನು ನೇರದ್ದೇ ತಗೊಂಡೆ. ಬ್ಯಾಟರಿ ಚೈನ್ ಸಾ ಕೊಡಿಸಬಾರದಿತ್ತಾ ಅಂತ ಗೆಳತಿಯೊಬ್ಬಳು ಕೇಳಿದಳು. ಕೈಗರಗಸ ನಾವು ಎಳೆಯೋದು ನಿಲ್ಲಿಸಿದರೆ ನಿಲ್ಲುತ್ತೆ. ಅಪ್ಪನ ಕೈಗೆ ಅದೇ ಸರಿ.

ಕೊಯ್ಯೋ ಕ್ರಮ

ಕೊಂಬೆಯನ್ನು ಎರಡು ಇಟ್ಟಿಗೆ ಮೇಲಿಟ್ಟು ನಡುವೆ ಕೊಯ್ಯಬೇಡಿ. ಕೊಯ್ಯೋ ತುದಿ ಇಟ್ಟಿಗೆಯಿಂದ ಆಚೆ ಚಾಚಿರಲಿ. ಆಗ ಕೊಯ್ದಂತೆಲ್ಲ ಸೀಳು ತಾನೇ ತೆರೆದುಕೊಳ್ಳುತ್ತೆ, ಅಲಗು ಸಿಕ್ಕಿಕೊಳ್ಳಲ್ಲ. ಕೈಗವಸು ಒಂದೇ ಇದ್ದರೆ ಅದನ್ನು ಗರಗಸದ ಕೈಗಲ್ಲ, ಕೊಂಬೆ ಹಿಡಿಯೋ ಕೈಗೆ ಹಾಕಿ. ಶುರುವಿನ ಎರಡು ಎಳೆತದಲ್ಲಿ ಅಲಗು ಎಗರಿ ಬರೋದು ಆ ಕೈಗೇ.

ಮರದಲ್ಲೇ ಇರೋ ಕೊಂಬೆಗೆ ಮೂರು ಸಲ ಕೊಯ್ಯಬೇಕು. ಮೊದಲು ಕಾಂಡದಿಂದ ಒಂದಡಿ ದೂರದಲ್ಲಿ, ಕೆಳಗಿನಿಂದ ಮೂರನೇ ಒಂದು ಭಾಗ. ಆಮೇಲೆ ಅದಕ್ಕಿಂತ ಸ್ವಲ್ಪ ಆಚೆ, ಮೇಲಿನಿಂದ. ಕೊಂಬೆ ಬಿದ್ದ ಮೇಲೆ ಉಳಿದ ಮೋಟನ್ನು ಕಾಂಡದ ಹತ್ತಿರ ಕೊನೆಯ ಸಲ. ಬುಡದಲ್ಲಿ ಉಂಗುರದ ಥರ ಉಬ್ಬಿರೋ ಭಾಗ ಇರುತ್ತಲ್ಲ, ಅದನ್ನು ಮುಟ್ಟದೆ ಅದರ ಹೊರಗೆ ಕೊಯ್ಯಿರಿ. ಮರ ಗಾಯ ಮುಚ್ಚಿಕೊಳ್ಳೋದು ಅಲ್ಲಿಂದಲೇ. ಒಂದೇ ಸಲ ಮೇಲಿನಿಂದ ಕೊಯ್ದರೆ ಕೊಂಬೆ ಬೀಳುವಾಗ ಕಾಂಡದ ತೊಗಟೆ ಸಿಗಿದುಕೊಂಡು ಬರುತ್ತೆ.

ಹಲಸಿನ ಕೊಂಬೆಗೆ ಅಮ್ಮನ ಉಪಾಯ ಇದೆ. ಹಣ್ಣು ಬಿಡಿಸುವಾಗ ಕತ್ತಿಗೆ ಕೊಬ್ಬರಿ ಎಣ್ಣೆ ಸವರ್ತೀವಲ್ಲ, ಅಲಗಿಗೂ ಹಾಗೇ ಸವರಿ. ಮೇಣ ಅಂಟಲ್ಲ. ಕೆಲಸ ಮುಗಿದ ಮೇಲೆ ಒಣಬಟ್ಟೆಯಲ್ಲಿ ಒರೆಸಿ, ಹೊಲಿಗೆ ಮೆಷಿನ್ ಎಣ್ಣೆ ಎರಡು ಹನಿ ಹಾಕಿ, ಆಮೇಲೆ ಮಡಚಿ.

ಎಲ್ಲಿ ಗರಗಸ ಕೆಳಗಿಡಬೇಕು

ಕೊಂಬೆ ಕರೆಂಟ್ ತಂತಿಗೆ ತಾಗಿದ್ದರೆ ಅದು ನಿಮ್ಮ ಕೆಲಸ ಅಲ್ಲ. ಹತ್ತಿರವೂ ಹೋಗದೆ 1912ಕ್ಕೆ ಫೋನ್ ಮಾಡಿ. ಇಡೀ ಮರ ಕಡಿಯೋದಾದರೆ, ಅದು ನಿಮ್ಮದೇ ಜಾಗದಲ್ಲಿದ್ದರೂ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ಮೊದಲು ಅರಣ್ಯ ಇಲಾಖೆಯವರನ್ನು ಕೇಳಿ. ಶ್ರೀಗಂಧ, ಬೀಟೆ, ತೇಗಕ್ಕಂತೂ ಕೇಳದೆ ಕೈ ಹಚ್ಚಬೇಡಿ. ವಾರಾಂತ್ಯಕ್ಕೆ ಭದ್ರಾ ಅಭಯಾರಣ್ಯದ ಕಡೆ ಹೋಗೋರು ಗರಗಸ ಮನೆಯಲ್ಲೇ ಬಿಟ್ಟು ಹೋಗಿ. ಅಲ್ಲಿ ಅನುಮತಿಯಿಲ್ಲದೆ ಒಣ ಸೌದೆ ತಗೊಳ್ಳೋದೂ ಅಪರಾಧ. ಶಿವಮೊಗ್ಗಕ್ಕೆ ವಿಮಾನದಲ್ಲಿ ಬರೋರು ಗರಗಸವನ್ನು ಕೈಬ್ಯಾಗಿನಲ್ಲಿ ಇಡಬೇಡಿ, ಚೆಕ್-ಇನ್ ಬ್ಯಾಗಿಗೆ ಹಾಕಿ.

ಇವೆಲ್ಲದರ ಮೇಲೆ ನಮ್ಮ ಮನೆಯದೇ ಒಂದು ಕಾನೂನು ಇದೆ. ಅಪ್ಪನೂ ನಾನೂ ಜಗಳ ಆಡಿ ಒಪ್ಪಿಕೊಂಡದ್ದು. ಮಣಿಕಟ್ಟಿಗಿಂತ ದಪ್ಪದ್ದು, ತಲೆಗಿಂತ ಎತ್ತರದ್ದು, ಏಣಿ ಬೇಕಾಗೋದು, ಈ ಮೂರಕ್ಕೂ ಜನ ಕರೆಸಬೇಕು. ದುಡ್ಡು ನಾನು ಕೊಡ್ತೀನಿ. ‘ನನ್ನ ಹಿತ್ತಲಿಗೆ ನಾನೇ ಕೂಲಿ ಕರೀಬೇಕಾ?’ ಅಂತ ಅಪ್ಪ ಎರಡು ದಿನ ಮಾತಾಡಲಿಲ್ಲ. ನನಗೂ ಒಳಗೇ ಗೊತ್ತಿತ್ತು, ಅವರಿಗೆ ಬೇಕಿದ್ದುದು ಕೂಲಿಯವರಲ್ಲ, ಕೊಂಬೆಯ ಇನ್ನೊಂದು ತುದಿ ಹಿಡಿಯೋಕೆ ಮನೆಯ ಒಬ್ಬರು. ಆ ಕೈ ಬೆಂಗಳೂರಿನಲ್ಲಿ ಲ್ಯಾಪ್‌ಟಾಪ್ ಮೇಲಿದೆ. ಒಳ್ಳೆ ಗರಗಸ ಕಳಿಸಿದರೆ ಅದು ತೀರೋದಿಲ್ಲ. ಕೆಟ್ಟ ಗರಗಸ ಕಳಿಸಿದರೆ ಮಾತ್ರ ಇನ್ನಷ್ಟು ಹೆಚ್ಚಾಗುತ್ತೆ.

ಗಾಯ ಮಾಯೋಕೆ ಐದು ವಾರ ಹಿಡೀತು. ಹೊಸ ಗರಗಸ ನಾನೇ ಕೊಂಡು, ಲಾಕ್ ಪರೀಕ್ಷೆ ಮಾಡಿ, ಕೈಯಲ್ಲೇ ತಗೊಂಡು ಹೋಗಿ ಕೊಟ್ಟೆ. ಅದರ ಮೊದಲ ಕೊಂಬೆ ಕೊಯ್ಯುವಾಗ ಇನ್ನೊಂದು ತುದಿ ನಾನು ಹಿಡಿದಿದ್ದೆ.

ಈ ಜೂನ್‌ನಲ್ಲಿ ಗಾಳಿಗೆ ಹಲಸಿನ ದೊಡ್ಡ ಕೊಂಬೆ ಸಿಗಿದು ನೇತಾಡ್ತಿತ್ತು. ಅಮ್ಮ ಗಾಬರಿಯಾಗಿ ಫೋನ್ ಮಾಡಿದರು. ಹಿಂದಿನಿಂದ ಅಪ್ಪನ ದನಿ ಕೇಳಿಸ್ತು: ‘ಪುಟ್ಟಿಗೆ ಹೇಳು, ಮರ ಹತ್ತೋರಿಗೆ ನಾನೇ ಫೋನ್ ಮಾಡಿದೀನಿ. ನಾಳೆ ಬರ್ತಾರೆ. ಕೆಳಗೆ ಬಿದ್ದದ್ದು ಮಾತ್ರ ನಂದು.’ ಸ್ವಲ್ಪ ಹೊತ್ತು ಬಿಟ್ಟು ಫೋನ್ ತಾವೇ ತಗೊಂಡು, ‘ಬರುವಾಗ ಇದಕ್ಕೊಂದು ಬದಲಿ ಅಲಗು ತಗೊಂಡು ಬಾ. ಮೊಂಡಾಗಿದೆ’ ಅಂದರು.

ಇಷ್ಟು ವರ್ಷದಲ್ಲಿ ಅಪ್ಪ ಬಾಯಿಬಿಟ್ಟು ನನ್ನ ಹತ್ತಿರ ಕೇಳಿದ ಮೊದಲ ವಸ್ತು ಅದು. ಈ ಶುಕ್ರವಾರ ರೈಲಿಗೆ ಟಿಕೆಟ್ ಆಗಿದೆ.

ನಿಮ್ಮ ಊರಿನ ಹಿತ್ತಲಲ್ಲಿ ಯಾವ ಆಯುಧ ಇದೆ, ಅದನ್ನು ಯಾರ ಕೈ ಹಿಡಿಯುತ್ತೆ? ಈ ವಾರ ಮನೆಗೆ ಫೋನ್ ಮಾಡಿದಾಗ ಒಮ್ಮೆ ಕೇಳಿ ನೋಡಿ. ಏನು ಹೇಳಿದರು ಅಂತ ನಮಗೂ ಬರೆಯಿರಿ.